ಹಳದಿ ಟೋಪಿಯ ಬೀದಿ

1871ರ ಡಿಸೆಂಬರ್ 23ರಂದು ಯೊಕೊಹಾಮಾ ಬಂದರಿನಿಂದ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಐವರು ಹುಡುಗಿಯರಿದ್ದರು. ಅಮೆರಿಕ, ಯುರೋಪುಗಳಿಗೆ ಹೊರಟ ಇವಾಕುರಾ ನಿಯೋಗ ಎಂಬ ಸರ್ಕಾರಿ ತಂಡದ ಜೊತೆ ಜಪಾನ್ ಸರ್ಕಾರ ಓದಲಿಕ್ಕೆಂದು ಹೊರದೇಶಕ್ಕೆ ಕಳಿಸಿದ ಮೊದಲ ಹೆಣ್ಣುಮಕ್ಕಳು ಅವರು. ಎಲ್ಲರಿಗಿಂತ ಕಿರಿಯವಳು ತ್ಸುದಾ ಉಮೆಕೊ. ಹಡಗು ಹತ್ತುವಾಗ ಅವಳಿಗೆ ಆರು ವರ್ಷ. ಏಳು ತುಂಬಿದ್ದು ನಡುಸಮುದ್ರದಲ್ಲಿ, ಆ ತಿಂಗಳ ಕೊನೆಯ ದಿನ. ಹತ್ತು ವರ್ಷ ಅಲ್ಲೇ ಇದ್ದು ಓದಿ ಬರಬೇಕೆನ್ನುವುದು ಮಾತು. ಅಪ್ಪ ಮೊದಲು ದೊಡ್ಡ ಮಗಳನ್ನು ಕಳಿಸಬೇಕೆಂದಿದ್ದನಂತೆ. ಅವಳು ಒಲ್ಲೆ ಅಂದಳು, ಸರದಿ ತಂಗಿಗೆ ಬಂತು. ಹನ್ನೊಂದು ವರ್ಷದ ಮೇಲೆ, 1882ರಲ್ಲಿ ವಾಪಸು ಬಂದಾಗ ಉಮೆಕೊಗೆ ತಾಯಿಯ ಜೊತೆ ಮಾತಾಡುವಷ್ಟೂ ಜಪಾನಿ ಉಳಿದಿರಲಿಲ್ಲ. ಮುಂದೆ ಮತ್ತೆ ಅಮೆರಿಕಕ್ಕೆ ಹೋಗಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದಳು, ಕಪ್ಪೆಯ ಮೊಟ್ಟೆಯ ಬೆಳವಣಿಗೆಯ ಬಗ್ಗೆ ಸಂಶೋಧನಾ ಲೇಖನ ಬರೆದಳು, 1900ರಲ್ಲಿ ಹತ್ತು ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು ಟೋಕಿಯೊದಲ್ಲಿ ಶಾಲೆ ತೆರೆದಳು. ಅದೇ ಇವತ್ತಿನ ತ್ಸುದಾ ವಿಶ್ವವಿದ್ಯಾಲಯ.

2024ರ ಜುಲೈನಿಂದ ಉಮೆಕೊ ಮುಖ ಐದು ಸಾವಿರ ಯೆನ್ ನೋಟಿನ ಮೇಲಿದೆ. ಮರುವರ್ಷದ ಏಪ್ರಿಲ್‌ನಲ್ಲಿ ನಾನು ಇಬ್ಬರು ಹೆಣ್ಣುಮಕ್ಕಳ ಜೊತೆ ಟೋಕಿಯೊಗೆ ಹೋದಾಗ, ಮಕ್ಕಳ ರೈಲು ಕಾರ್ಡ್ ಕೊಂಡ ಚಿಲ್ಲರೆಯಲ್ಲಿ ಆ ನೋಟು ನಮ್ಮ ಕೈಗೆ ಬಂತು. ಹೋಗುವ ಮೊದಲೇ ಕಥೆ ಹೇಳಿದ್ದೆ. ಹತ್ತು ವರ್ಷದ ದೊಡ್ಡವಳಿಗೆ ಕಪ್ಪೆಯ ಮೊಟ್ಟೆಯಲ್ಲಿ ಆಸಕ್ತಿ. ಏಳು ವರ್ಷದ ಚಿಕ್ಕವಳಿಗೆ ಒಂದೇ ಪ್ರಶ್ನೆ: ಹಡಗಿನಲ್ಲಿ ಅವಳಿಗೆ ತಲೆ ಬಾಚುತ್ತಿದ್ದವರು ಯಾರು?

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ಆರು ವರ್ಷದ ಹುಡುಗಿ ಎಷ್ಟು ದೂರ ಹೋಗಬಹುದು, ಅದನ್ನು ಯಾರು ತೀರ್ಮಾನ ಮಾಡುತ್ತಾರೆ ಎಂಬುದು ಆ ಪ್ರವಾಸದುದ್ದಕ್ಕೂ ನನ್ನ ತಲೆಯಲ್ಲಿತ್ತು.

ನಾವು ಇಳಿದುಕೊಂಡದ್ದು ಎದೋಗಾವಾ ವಾರ್ಡಿನ ನಿಶಿ-ಕಸಾಯ್‌ನಲ್ಲಿ, ನನ್ನ ಹಳೆಯ ಗೆಳತಿಯ ಮನೆಯಲ್ಲಿ. 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತೀಯರು ಬೇರೂರಿದ ಜಾಗ ಅದು. ಉದ್ದಿನಬೇಳೆಯೂ ಸಿಗುತ್ತದೆ, ಕರಿಬೇವೂ ಸಿಗುತ್ತದೆ. ಊಟದ ವಿಷಯ ಹೆಚ್ಚು ಎಳೆಯುವುದಿಲ್ಲ: ಶುದ್ಧ ಸಸ್ಯಾಹಾರಿಗಳಿಗೆ ಜಪಾನ್ ಕಷ್ಟ, ತರಕಾರಿ ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಹೆಚ್ಚಾಗಿ ಇರುತ್ತದೆ. ಹೊರಗೆ ಸುತ್ತುವ ದಿನ ಅಂಗಡಿಯ ಬಿಸಿ ಅನ್ನಕ್ಕೆ ಮನೆಯಿಂದ ಒಯ್ದ ಪುಳಿಯೋಗರೆ ಗೊಜ್ಜು ಕಲಸಿಕೊಳ್ಳುತ್ತಿದ್ದೆವು. ಮಕ್ಕಳು ಖುಷಿಯಾಗಿ ತಿಂದರು.

ಏಪ್ರಿಲ್ ಎಂದರೆ ಹೂವಿನ ಕಾಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಶಾಲೆಗಳಿಗೆ ರಜೆ ಸಿಗುವ ಹೊತ್ತಿಗೆ ಟೋಕಿಯೊದ ಚೆರ್ರಿ ಹೂವು ಹೆಚ್ಚುಕಡಿಮೆ ಉದುರಿರುತ್ತದೆ. ಆದರೆ ಅದೇ ಹೊತ್ತಿಗೆ ಅಲ್ಲಿ ಹೊಸ ಶಾಲಾ ವರ್ಷ ಶುರು. ಬೆಳಗ್ಗೆ ಏಳೂವರೆ ಎಂಟರ ಸುಮಾರಿಗೆ ಗೆಳತಿಯ ಮನೆಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತರೆ ಕೆಳಗಿನ ಬೀದಿಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಕಾಣುತ್ತಿದ್ದರು. ತಲೆಗೆ ಹಳದಿ ಟೋಪಿ, ಬೆನ್ನ ಮೇಲೆ ರಂದೊಸೆರು ಎಂಬ ಗಟ್ಟಿ ಚರ್ಮದ ಚೀಲ, ಚೀಲಕ್ಕೂ ಹಳದಿ ಹೊದಿಕೆ. ಹಿಂದಿನಿಂದ ನೋಡಿದರೆ ಚೀಲಕ್ಕೇ ಕಾಲು ಬಂದು ನಡೆಯುತ್ತಿರುವ ಹಾಗೆ. ಇಬ್ಬರು ಮೂವರು ಸೇರಿ ಹೋಗುವವರು, ಒಬ್ಬಳೇ ಹೋಗುವವಳು, ಅಣ್ಣನ ಹಿಂದೆ ಓಡುವವಳು. ಜೊತೆಯಲ್ಲಿ ಅಪ್ಪ ಅಮ್ಮ ಇಲ್ಲ. ಕಾರಿನಿಂದ ಇಳಿಸುವವರಿಲ್ಲ, ವ್ಯಾನಿನ ಹಾರ್ನ್ ಇಲ್ಲ.

ನನ್ನ ಮಕ್ಕಳು ಮೈಸೂರಿನಲ್ಲಿ ಹುಟ್ಟಿ ಬೆಳೆದವರು. ಊರು ದೊಡ್ಡದಲ್ಲ, ಬಡಾವಣೆ ಒಳ್ಳೆಯದು, ಮರಗಳಿವೆ. ಆದರೂ ಅವರು ಒಂಟಿಯಾಗಿ ಮನೆಯ ಗೇಟು ದಾಟಿ ಬೀದಿಯ ಕೊನೆಯವರೆಗೂ ಹೋದವರಲ್ಲ. ಶಾಲೆಗೆ ಬಸ್ಸು, ಸಂಗೀತದ ಪಾಠಕ್ಕೆ ಸ್ಕೂಟರು, ಗೆಳತಿಯ ಮನೆಗೆ ಆಟೊ. ನನ್ನ ಬಾಲ್ಯ ಬೇರೆ ಥರದ್ದು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಿಂದ ಶಾಲೆಗೆ ಗದ್ದೆಯ ಅಂಚು, ಒಂದು ಸಂಕ, ಆಮೇಲೆ ಅಡಕೆ ತೋಟದ ದಾರಿ. ಮಳೆಗಾಲದಲ್ಲಿ ಸಂಕದ ಕೆಳಗೆ ಹಳ್ಳ ಭೋರ್ಗರೆಯುತ್ತಿತ್ತು. ದೊಡ್ಡ ಹುಡುಗಿಯರು ಕೈ ಹಿಡಿದು ದಾಟಿಸುತ್ತಿದ್ದರು, ನಾವು ದೊಡ್ಡವರಾದ ಮೇಲೆ ಚಿಕ್ಕವರನ್ನು ದಾಟಿಸಿದೆವು. ಆಮೇಲೆ ಹನ್ನೆರಡೋ ಹದಿಮೂರೋ ಆಯಿತು. ಅಜ್ಜಿಯ ಕಣ್ಣು, ಅಪ್ಪನ ಗಡಿಯಾರ ಎರಡೂ ನನ್ನ ಮೇಲೆ ಬಿದ್ದವು. ತಮ್ಮ ಹೊಳೆಯವರೆಗೆ ಹೋಗುತ್ತಿದ್ದ, ನಾನು ಅಂಗಳದವರೆಗೆ. ಹಾಗೆ ಮೊಟಕಾದ ದಾರಿಯನ್ನು ವಾಪಸು ಪಡೆಯಲು ನನಗೆ ಕಾಲೇಜು, ನೌಕರಿ, ಸ್ವಂತ ಸಂಬಳ ಎಲ್ಲ ಬೇಕಾಯಿತು. ನನ್ನ ಮಕ್ಕಳ ಪಾಲಿಗೆ ಮೊಟಕಾಗುವುದಕ್ಕೂ ಏನೂ ಇಲ್ಲ.

ಗೆಳತಿಯ ಮಗಳು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನಮ್ಮ ಎರಡನೇ ಸಂಜೆ ಅವಳು ನನ್ನ ಇಬ್ಬರನ್ನೂ ಪಾರ್ಕಿಗೆ ಕರೆದಳು. ನಾನು ಚಪ್ಪಲಿ ಹಾಕಲು ಎದ್ದೆ. ಗೆಳತಿ ನನ್ನ ಭುಜ ಹಿಡಿದು ಕೂರಿಸಿದಳು. "ಅವರು ಹೋಗಲಿ. ಐದು ಗಂಟೆಗೆ ಹಾಡು ಬರುತ್ತೆ, ಬರ್ತಾರೆ."

ಆ ಒಂದು ಗಂಟೆಯ ಬಗ್ಗೆ ನಾನು ನಿಜವಾಗಿ ಬರೆಯಬೇಕು. ಪಾರ್ಕ್ ಇದ್ದದ್ದು ಎರಡು ಬೀದಿ ಆಚೆ, ಬಾಲ್ಕನಿಯಿಂದ ಕಾಣುವುದಿಲ್ಲ. ಗೆಳತಿ ಅವರೆಕಾಳಿನ ಸಾರಿನ ಬಗ್ಗೆ ಏನೋ ಹೇಳುತ್ತಿದ್ದಳು, ನನ್ನ ಕಿವಿ ಬೀದಿಯಲ್ಲಿತ್ತು. ಹೆದರಿಕೆ ಎಂದರೆ ಬರೀ ಮನಸ್ಸಿನದ್ದಲ್ಲ, ಬೆನ್ನು, ಕತ್ತು, ಅಂಗೈ ಎಲ್ಲ ಕಡೆ ಇರುತ್ತದೆ. ಹೆಣ್ಣುಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆಳತಿ ನನ್ನನ್ನು ಮಾತಿನಲ್ಲಿ ಸಮಾಧಾನ ಮಾಡಲಿಲ್ಲ, ಆ ಬೀದಿಯಲ್ಲಿ ಏನೇನಿದೆ ಅಂತ ಒಂದೊಂದಾಗಿ ಹೇಳುತ್ತಾ ಹೋದಳು. ನನಗೆ ಅದರಿಂದಲೇ ಧೈರ್ಯ ಬಂತು.

ಶಾಲೆ ಮನೆಯ ವಿಳಾಸಕ್ಕೆ ತಕ್ಕಂತೆ ನಿಗದಿಯಾಗುತ್ತದೆ, ಹಾಗಾಗಿ ಕಾಲ್ನಡಿಗೆಯ ದೂರದಲ್ಲೇ ಇರುತ್ತದೆ. ಯಾವ ದಾರಿಯಲ್ಲಿ ಬರಬೇಕೆಂದು ಶಾಲೆಯೇ ಗೊತ್ತು ಮಾಡುತ್ತದೆ. ಒಂದನೇ ಕ್ಲಾಸು ಶುರುವಾಗುವ ಮೊದಲು ಅಪ್ಪ ಅಮ್ಮ ಮಗುವಿನ ಜೊತೆ ಆ ದಾರಿಯಲ್ಲಿ ನಡೆದು ಅಭ್ಯಾಸ ಮಾಡಿಸುತ್ತಾರೆ. ಮೊದಲ ಕೆಲವು ದಿನ ಮನೆಗೆ ಮರಳುವಾಗ ಶಿಕ್ಷಕರು ಅರ್ಧ ದಾರಿ ಜೊತೆಗೆ ಬರುತ್ತಾರೆ. ದಾಟುವ ಕಡೆಗಳಲ್ಲಿ ಬೆಳಗ್ಗೆ ಹಳದಿ ಬಾವುಟ ಹಿಡಿದು ನಿಲ್ಲುವವರು ನಿವೃತ್ತರು, ಇಲ್ಲವೇ ಸರದಿ ಬಂದ ತಾಯಿ ತಂದೆ. ಗೆಳತಿಯೂ ನಿಂತಿದ್ದಾಳೆ. ಮೊದಲ ದಿನ ಬಾವುಟ ಹಿಡಿದು ನಿಂತಾಗ ಈ ಊರಿನವಳೇ ಆಗಿಬಿಟ್ಟೆ ಅನ್ನಿಸಿತು ಅಂತ ಹೇಳಿದಳು. ಕೆಲವು ಅಂಗಡಿ, ಮನೆಗಳ ಬಾಗಿಲಲ್ಲಿ ಒಂದು ಅಂಟುಚೀಟಿ ಇರುತ್ತದೆ: ಹೆದರಿದ ಮಗು ಯಾವಾಗ ಬೇಕಾದರೂ ಒಳಗೆ ಓಡಿ ಬರಬಹುದು. ಪೊಲೀಸರ ತುರ್ತು ಸಂಖ್ಯೆ 110 ಅದರ ಮೇಲೆ ಬರೆದಿರುತ್ತದೆ. ಚೀಲದ ಪಟ್ಟಿಗೆ ಎಳೆದರೆ ಕೂಗುವ ಬಜರ್. ಎಲ್ಲಾದರೂ ಅನುಮಾನದ ವ್ಯಕ್ತಿ ಕಂಡರೆ ಪೋಷಕರ ಫೋನಿಗೆ ಸಂದೇಶ.

ಎಂದರೆ ಅಲ್ಲಿ ಅಪಾಯವೇ ಇಲ್ಲ ಅಂತ ಯಾರೂ ನಂಬಿಲ್ಲ. ಅಪಾಯ ಇದೆ ಎಂದು ಒಪ್ಪಿಕೊಂಡು, ಮಗುವನ್ನು ಒಳಗಿಡುವ ಬದಲು ದಾರಿಯನ್ನು ಕಾಯುತ್ತಾರೆ.

ರಸ್ತೆಯ ಕಥೆಯೂ ಹಾಗೇ. "ಜಪಾನೀಯರ ಸಂಸ್ಕೃತಿಯೇ ಹಾಗೆ, ಶಿಸ್ತು ರಕ್ತದಲ್ಲೇ ಇದೆ" ಎನ್ನುವ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ನನಗೆ ಆ ಮಾತಿನ ಮೇಲೆ ಸಿಟ್ಟಿದೆ, ಏಕೆಂದರೆ ಅದು ನಮ್ಮನ್ನು ಕೆಲಸದಿಂದ ಬಿಡಿಸಿಬಿಡುತ್ತದೆ. 1970ರಲ್ಲಿ ಜಪಾನಿನ ರಸ್ತೆ ಅಪಘಾತಗಳಲ್ಲಿ ಸತ್ತವರು 16,765 ಜನ. ಅದನ್ನು ಅವರು "ಸಂಚಾರ ಯುದ್ಧ" ಎಂದೇ ಕರೆಯುತ್ತಿದ್ದರು, ಬೀದಿಯಲ್ಲಿ ಆಡುವ ಮಕ್ಕಳು ಕಾರಿನಡಿ ಸಿಗುತ್ತಿದ್ದ ಕಾಲ. 2024ರಲ್ಲಿ ಆ ಸಂಖ್ಯೆ 2,663. ನಡುವೆ ರಕ್ತ ಬದಲಾಗಲಿಲ್ಲ, ಕಾನೂನು ಬದಲಾಯಿತು, ಕಾಲುದಾರಿ ಬಂತು, ಸಿಗ್ನಲ್ ಬಂತು. ಕಾರು ಇಟ್ಟುಕೊಳ್ಳಬೇಕಾದರೆ ರಸ್ತೆಯಲ್ಲದ ಕಡೆ ನಿಲ್ಲಿಸುವ ಜಾಗವಿದೆ ಎಂದು ತೋರಿಸಬೇಕೆನ್ನುವ ಕಾನೂನು 1962ರದ್ದು. ನಿಶಿ-ಕಸಾಯ್‌ನ ಬೀದಿ ನಮ್ಮ ಬೀದಿಗಿಂತ ಕಿರಿದು. ಆದರೆ ಎರಡೂ ಬದಿ ಖಾಲಿ, ಮಗು ಓಡಿ ಬಂದರೆ ಚಾಲಕನಿಗೆ ಕಾಣುತ್ತದೆ. 2011ರಿಂದ ವಸತಿ ಪ್ರದೇಶಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿಯ ವಲಯಗಳು ಬಂದಿವೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಜನಸಂಖ್ಯೆಯಲ್ಲಿ ನಾವು ಅವರಿಗಿಂತ ಹನ್ನೊಂದು ಹನ್ನೆರಡು ಪಟ್ಟು, ಸಾವಿನಲ್ಲಿ ಅರವತ್ತು ಪಟ್ಟು ದಾಟುತ್ತೇವೆ.

ಐದು ಗಂಟೆಗೆ ಎಲ್ಲೋ ಕಂಬದ ಮೇಲಿನ ಧ್ವನಿವರ್ಧಕದಿಂದ ಮಕ್ಕಳ ಹಾಡಿನ ರಾಗವೊಂದು ಊರಿಡೀ ಕೇಳಿಸಿತು. ಭೂಕಂಪ, ಪ್ರವಾಹದ ಎಚ್ಚರಿಕೆಗೆಂದು ಹಾಕಿಟ್ಟ ಧ್ವನಿವರ್ಧಕ ಅದು. ದಿನಾ ಸಂಜೆ ರಾಗ ನುಡಿಸಿ ಕೆಡದೆ ಇದೆಯೇ ಅಂತ ನೋಡುತ್ತಾರೆ, ಮಕ್ಕಳಿಗೆ ಮನೆಗೆ ಹೊರಡುವ ಹೊತ್ತಾಯಿತು ಎಂದೂ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಮೂವರೂ ಬಂದರು. ಚಿಕ್ಕವಳ ಮೊಣಕಾಲಿಗೆ ಮಣ್ಣು. ದೊಡ್ಡವಳು ಏನೂ ಹೇಳಲಿಲ್ಲ, ನೀರು ಕುಡಿದು, "ನಾಳೆನೂ ಹೋಗ್ತೀವಿ" ಅಂದಳು. ಕೇಳಲಿಲ್ಲ, ತಿಳಿಸಿದಳು. ಮೈಸೂರಿನಲ್ಲಿ ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಟೋಕಿಯೊದ ರೈಲು ನಿಲ್ದಾಣಗಳಲ್ಲಿ ಮಕ್ಕಳ ಕಾರ್ಡನ್ನು ಗೇಟಿಗೆ ತಾಗಿಸಿದರೆ ಮರಿಹಕ್ಕಿಯ ಹಾಗೆ ಪಿಯೊಪಿಯೊ ಎನ್ನುತ್ತದೆ. ಅರ್ಧ ಟಿಕೆಟ್ಟಿನವರು ದಾಟಿದರು ಅಂತ ಸಿಬ್ಬಂದಿಗೆ ತಿಳಿಯಲಿ ಎಂದು. ಚಿಕ್ಕವಳು ಇದನ್ನು ತನಗೇ ಮಾಡಿದ ಸ್ವಾಗತ ಎಂದುಕೊಂಡಳು, ನಾನು ತಿದ್ದಲಿಲ್ಲ. ಆದರೆ ಇದೇ ನಿಲ್ದಾಣದಲ್ಲಿ ದೊಡ್ಡವಳು ಇನ್ನೊಂದನ್ನು ನೋಡಿದಳು. ನಿಶಿ-ಕಸಾಯ್ ಮೂಲಕ ಹೋಗುವ ತೋಜಾಯ್ ಮಾರ್ಗ ಟೋಕಿಯೊದಲ್ಲೇ ಅತಿ ನೂಕುನುಗ್ಗಲಿನವುಗಳಲ್ಲೊಂದು. ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು, ಬೆಳಗಿನ ಹೊತ್ತು ಈ ಬೋಗಿ ಹೆಂಗಸರಿಗೆ ಮಾತ್ರ. ಯಾಕೆ ಅಂತ ಕೇಳಿದಳು.

ಹತ್ತು ವರ್ಷದವಳಿಗೆ ಏನು ಹೇಳಬೇಕೋ ಅದನ್ನು ಹೇಳಿದೆ. ನೂಕುನುಗ್ಗಲಿನಲ್ಲಿ ಕೆಲವು ಗಂಡಸರು ಹೆಂಗಸರ, ಹುಡುಗಿಯರ ಮೈ ಮುಟ್ಟುತ್ತಾರೆ. ಅದು ಅಪರಾಧ. ಇಲ್ಲೂ ನಡೆಯುತ್ತದೆ, ನಮ್ಮಲ್ಲೂ ನಡೆಯುತ್ತದೆ. ನಮ್ಮ ಮೆಟ್ರೋದಲ್ಲೂ ಹೆಂಗಸರಿಗೆ ಮೀಸಲು ಜಾಗವಿದೆ. "ಅಷ್ಟು ಚಿಕ್ಕ ಮಕ್ಕಳು ಒಬ್ಬರೇ ಹೋಗಬಹುದಾದ ಊರಲ್ಲೂನಾ?" ಅಂದಳು. ಹೌದು, ಆ ಊರಲ್ಲೂ. ಅಷ್ಟೇ ಅಲ್ಲ, ಗಂಡ ಹೆಂಡತಿ ಒಂದೇ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಎನ್ನುವ ಕಾನೂನು ಆ ದೇಶದಲ್ಲಿದೆ, ಬಿಟ್ಟುಕೊಡುವವರು ಹೆಚ್ಚುಕಡಿಮೆ ಯಾವಾಗಲೂ ಹೆಂಗಸರೇ. 2018ರಲ್ಲಿ ಟೋಕಿಯೊದ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕಗಳನ್ನು ವರ್ಷಗಟ್ಟಲೆ ಬೇಕೆಂದೇ ಇಳಿಸಿದ್ದು ಬಯಲಾಯಿತು. ವಿಶ್ವ ಆರ್ಥಿಕ ವೇದಿಕೆಯ 2024ರ ಲಿಂಗ ಅಂತರದ ಪಟ್ಟಿಯಲ್ಲಿ 146 ದೇಶಗಳ ಪೈಕಿ ಜಪಾನ್ 118ನೆಯದು, ಭಾರತ 129ನೆಯದು. ಏಳು ವರ್ಷದವಳಿಗೆ ತೆರೆದುಕೊಂಡ ಬೀದಿ ಹದಿನೇಳಾಗುವ ಹೊತ್ತಿಗೆ ಅಲ್ಲೂ ಕಿರಿದಾಗುತ್ತದೆ. ಮಕ್ಕಳಿಗೆ ಹೊರದೇಶ ತೋರಿಸುವಾಗ ಅದನ್ನು ಸ್ವರ್ಗವೆಂದು ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಬುದ್ಧಿವಂತರು. ಒಂದು ಕಡೆ ಬಿಗಿದದ್ದು ಇನ್ನೊಂದು ಕಡೆ ಸಡಿಲಾಗಿರಬಹುದು ಎನ್ನುವುದು ಅವರಿಗೂ ಗೊತ್ತಾಗಲಿ.

ಇವಾತ್ಸುಕಿಗೆ ಹೋದದ್ದು ಗೊಂಬೆಗಾಗಿ. ಟೋಕಿಯೊದ ಉತ್ತರಕ್ಕೆ, ಸೈತಾಮಾ ನಗರದ ಒಂದು ವಾರ್ಡ್ ಅದು. ಗೊಂಬೆ ಮಾಡುವವರ ಊರು, 2020ರಲ್ಲಿ ತೆರೆದ ಗೊಂಬೆ ಮ್ಯೂಸಿಯಂ ಇದೆ. ಜಪಾನಿನಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಪೂರ್ತಿ ಕೂರಿಸಿದರೆ ಏಳು. ತುತ್ತತುದಿಯಲ್ಲಿ ರಾಜ ರಾಣಿ, ಕೆಳಗೆ ಮೂವರು ಸಖಿಯರು, ಅದರ ಕೆಳಗೆ ಐವರು ವಾದ್ಯದವರು, ಮಂತ್ರಿಗಳು, ಆಳುಗಳು, ಕೊನೆಗೆ ಪಲ್ಲಕ್ಕಿ, ಎತ್ತಿನ ಗಾಡಿ, ಪೆಟ್ಟಿಗೆಗಳು. ಮೈಸೂರಿನ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಪಟ್ಟದ ಗೊಂಬೆ ಎಲ್ಲಿ ಕೂರಬೇಕೆಂದು ಅವರಿಗೆ ಗೊತ್ತು. ಚಿಕ್ಕವಳು ಗಾಜಿನ ಮುಂದೆ ನಿಂತು, "ಇವರೂ ಬೆಸಸಂಖ್ಯೆಯಲ್ಲೇ ಇಡ್ತಾರೆ" ಎಂದು ಘೋಷಿಸಿದಳು.

ಆ ಹಬ್ಬದ ಜೊತೆ ಒಂದು ನಂಬಿಕೆಯೂ ಇದೆ. ಮಾರ್ಚ್ 3 ಕಳೆದ ಮೇಲೆ ಗೊಂಬೆಗಳನ್ನು ಬೇಗ ಪೆಟ್ಟಿಗೆಗೆ ಸೇರಿಸದಿದ್ದರೆ ಮಗಳ ಮದುವೆ ತಡವಾಗುತ್ತದಂತೆ. ನಮ್ಮ ಪಟ್ಟದ ಗೊಂಬೆಯೂ ಮದುವೆಯಲ್ಲಿ ತವರಿನಿಂದ ಮಗಳ ಜೊತೆ ಬರುವುದೇ. ಎರಡೂ ಕಡೆ ಹೆಣ್ಣುಮಗುವಿನ ಹಬ್ಬದ ಒಳಗೆ ಮದುವೆಯನ್ನು ಮಡಿಸಿ ಇಟ್ಟಿದ್ದಾರೆ. ನಾವು ಹೋದ ಹೊತ್ತಿಗೆ ಊರ ತುಂಬ ಬಟ್ಟೆಯ ಕಾರ್ಪ್ ಮೀನುಗಳು ಕಂಬಗಳ ಮೇಲೆ ಗಾಳಿಗೆ ಈಜುತ್ತಿದ್ದವು, ಮೇ 5ರ ತಯಾರಿ. ಅದು ಹಿಂದೆ ಗಂಡುಮಕ್ಕಳ ಹಬ್ಬ, 1948ರಿಂದ ಎಲ್ಲ ಮಕ್ಕಳ ದಿನ ಎಂದು ದೇಶಕ್ಕೇ ರಜೆ. ಮಾರ್ಚ್ 3ಕ್ಕೆ ರಜೆ ಇಲ್ಲ. ದೊಡ್ಡವಳು ಇದನ್ನು ಗೆಳತಿಯ ಮಗಳಿಂದ ತಿಳಿದುಕೊಂಡು ಬಂದು ನನಗೆ ಹೇಳಿದಳು, ಮುಖ ಗಂಭೀರವಾಗಿತ್ತು.

ಗೊಂಬೆಗಳ ಮುಂದೆ ನನಗೆ ನೆನಪಾದದ್ದು ಇನ್ನೊಂದು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ನನ್ನ ಅತ್ತೆಯ ಕಾಲದ ಹುಡುಗಿಯರು ನವರಾತ್ರಿಯ ಸಂಜೆಗಳಲ್ಲಿ "ಗೊಂಬೆ ಕೂರ್ಸಿದ್ದೀರಾ?" ಅಂತ ಕೇಳುತ್ತಾ ಮನೆಯಿಂದ ಮನೆಗೆ ಹೋಗುತ್ತಿದ್ದರಂತೆ, ಕತ್ತಲಾದ ಮೇಲೂ, ದೊಡ್ಡವರಿಲ್ಲದೆ, ಲಂಗದ ಮಡಿಲಲ್ಲಿ ಚರುಪು ತುಂಬಿಸಿಕೊಂಡು. ಪರಿಚಯವಿಲ್ಲದ ಮನೆಯ ಬಾಗಿಲನ್ನೂ ತಟ್ಟಬಹುದಿತ್ತು. ಆ ಬಾಗಿಲುಗಳಿಗೆ ಅಂಟುಚೀಟಿ ಬೇಕಿರಲಿಲ್ಲ. ನಾನು ಟೋಕಿಯೊದಿಂದ ಎರವಲು ತರಬೇಕಾದದ್ದು ಅಂತ ಅಂದುಕೊಂಡಿದ್ದರಲ್ಲಿ ಅರ್ಧ ನಮ್ಮ ಬೀದಿಯಲ್ಲೇ ಇತ್ತು, ನಾವು ಕೈಬಿಟ್ಟೆವು.

ಪ್ರವಾಸದ ಕೊನೆಯಲ್ಲಿ ಯೊಕೊಹಾಮಾಗೆ ಹೋದೆವು. ಹಳೆಯ ಬಂದರಿನ ಕಟ್ಟೆ ಈಗ ಪಾರ್ಕು. ಆನೆಯ ಸೊಂಡಿಲಿನ ಹಾಗೆ ಬಾಗಿದ ಕಟ್ಟೆ, ಹೆಸರೂ ಸೊಂಡಿಲೆಂದೇ. ಮಕ್ಕಳು ಆ ಸೊಂಡಿಲಿನ ತುದಿಯವರೆಗೆ ಓಡಿದರು. ಗಾಳಿ ಜೋರಾಗಿತ್ತು. ಚಿಕ್ಕವಳು ಬಂದು ನನ್ನ ಪಕ್ಕ ಕೂತು, ತಾನಾಗಿದ್ದರೆ ಹಡಗು ಹತ್ತುತ್ತಿರಲಿಲ್ಲ ಅಂದಳು. ದೊಡ್ಡವಳು, ತಾನು ಹತ್ತುತ್ತಿದ್ದೆ, ಆದರೆ ಹತ್ತು ವರ್ಷ ಜಾಸ್ತಿಯಾಯಿತು, ಎರಡು ಸಾಕು ಅಂದಳು. ನನಗೆ ಇಬ್ಬರ ಉತ್ತರವೂ ಇಷ್ಟವಾಯಿತು. ಉಮೆಕೊಳನ್ನು ಯಾರೂ ಕೇಳಿರಲಾರರು. ಎಷ್ಟು ದೂರ ಹೋಗಬೇಕು ಎನ್ನುವುದನ್ನು ಹೆಣ್ಣುಮಗುವಿಗೇ ಕೇಳಿ ಅವಳ ಉತ್ತರಕ್ಕೆ ಕಾಯುವುದಿದೆಯಲ್ಲ, ಅದು ಹೊಸ ಕಾಲದ್ದು, ಇನ್ನೂ ಎಲ್ಲ ಮನೆಗೂ ಬಂದಿಲ್ಲ.

ವಾಪಸು ಬಂದ ಮೇಲೆ ದೊಡ್ಡವಳು ಒಂದು ಬೇಡಿಕೆ ಇಟ್ಟಳು: ಶನಿವಾರ ಬಡಾವಣೆಯ ಗ್ರಂಥಾಲಯಕ್ಕೆ ನಡೆದು ಹೋಗಬೇಕು, ನಾನು ಜೊತೆಗೆ ಬರಬಾರದು. ಮೊದಲು ನಾವಿಬ್ಬರೂ ಆ ದಾರಿಯಲ್ಲಿ ನಡೆದೆವು, ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡು ಕಡೆ ಚರಂಡಿಯ ಮೇಲಿನ ಚಪ್ಪಡಿ ಇಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಕಾಲುದಾರಿಯನ್ನೇ ತುಂಬಿದೆ, ರಸ್ತೆಗಿಳಿಯಬೇಕು. ಮುಖ್ಯರಸ್ತೆಯ ತಿರುವಿನಲ್ಲಿ ಸಾಲಾಗಿ ನಿಂತ ಕಾರುಗಳ ಹಿಂದಿನಿಂದ ದಾಟುವ ಮಗು ಯಾರಿಗೂ ಕಾಣುವುದಿಲ್ಲ. ದಾರಿಯಲ್ಲಿ ನಾಯಿಗಳಿವೆ, ಆದರೆ ಅವುಗಳಿಗೆ ಅವಳ ಪರಿಚಯವಿದೆಯಂತೆ. ಔಷಧಿ ಅಂಗಡಿಯವರನ್ನೂ ಹೂವಿನವರನ್ನೂ ಮಾತಾಡಿಸಿ, ಮಕ್ಕಳು ಹೀಗೆ ಹೋಗುತ್ತಾರೆ, ಸ್ವಲ್ಪ ನೋಡಿಕೊಳ್ಳಿ ಅಂದೆ. ಹೂವಿನವರು, "ಅದಕ್ಯಾಕಮ್ಮ ಹೇಳಬೇಕು" ಅಂದರು.

2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಅದನ್ನು ಹಂಗಿಸಿ ಮಾತಾಡುವವರ ಜೊತೆ ನನಗೆ ವಾದ ಮಾಡುವ ಆಸೆಯಿಲ್ಲ. ಧರ್ಮಸ್ಥಳಕ್ಕೂ, ತವರಿಗೂ, ಸಂತೆಗೂ ಯಾರನ್ನೂ ಕೇಳದೆ ಹೊರಟ ಹೆಂಗಸರ ಮುಖಗಳನ್ನು ನಾನು ಬಸ್ಸಿನಲ್ಲಿ ನೋಡಿದ್ದೇನೆ. ಬಸ್ಸಿನವರೆಗೆ ನಡೆಯುವ ದಾರಿಯೂ ಅವರದಾಗಬೇಕಷ್ಟೇ.

ಈಗ ನಮ್ಮ ಬೀದಿಯ ಐದು ಮಕ್ಕಳು ಶನಿವಾರ ಒಟ್ಟಿಗೆ ಹೋಗುತ್ತಾರೆ, ಮೂವರು ಹುಡುಗಿಯರು, ಇಬ್ಬರು ಹುಡುಗರು. ಮುಖ್ಯರಸ್ತೆಯ ತಿರುವಿನಲ್ಲಿ ಹತ್ತು ಗಂಟೆಗೆ ಒಬ್ಬರು ಪೋಷಕರು ನಿಲ್ಲುತ್ತೇವೆ, ಸರದಿಯ ಮೇಲೆ. ಅದು ಅಮ್ಮಂದಿರದೇ ಸರದಿ ಆಗಬಾರದೆಂದು ಮೊದಲೇ ಮಾತಾಡಿಕೊಂಡಿದ್ದೇವೆ. ಚಪ್ಪಡಿಗಳಲ್ಲಿ ಒಂದು ಬಂದಿದೆ. ತಿರುವಿನಲ್ಲಿ ಜೀಬ್ರಾ ಪಟ್ಟಿ ಬೇಕು, ಅಲ್ಲಿ ಕಾರು ನಿಲ್ಲಿಸಬಾರದು ಎಂಬ ಅರ್ಜಿಗೆ ಸಹಿ ಕೂಡಿಸುತ್ತಿದ್ದೇವೆ. ಅಕ್ಕಪಕ್ಕದ ಬಡಾವಣೆಯವರು ಯಾರಾದರೂ ಇದನ್ನು ಓದಿ ಸೇರಬೇಕೆನ್ನಿಸಿದರೆ, ಬರುವ ಶನಿವಾರ ಹತ್ತಕ್ಕೆ ಆ ತಿರುವಿಗೇ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.